ಬೇವಿನ ಮರಕ್ಕೆ ನೇತುಬಿದ್ದ ಸೈಕಲ್ಲು

"ಮೇಷ್ಟ್ರೇ, ಬೆಳಬೆಳಗ್ಗೆ ಯಾರ್ನ ನೇಣಿಗೆ ಹಾಕಾಕತ್ತೀರಿ?"

ಆಚೆಮನೆ ಮಾಮ ಕಾಂಪೌಂಡಿನ ಮೇಲೆ ಎರಡೂ ಮೊಳಕೈ ಊರಿ ನಿಂತಿದ್ದರು. ಬಾಯಲ್ಲಿ ಬೇವಿನ ಕಡ್ಡಿ. ಅದೂ ನಮ್ಮ ಮರದ್ದೇ. ನಾನು ಅದೇ ಮರದ ತಗ್ಗು ಕೊಂಬೆಗೆ ಎರಡು ಹಗ್ಗ ಇಳಿಬಿಟ್ಟು, ಒಂದನ್ನು ಸೀಟಿನ ಮೂಗಿಗೂ ಇನ್ನೊಂದನ್ನು ಹ್ಯಾಂಡಲ್ಲಿಗೂ ಬಿಗಿದು, ನನ್ನ ಹಳೇ ರೇಸ್ ಸೈಕಲ್ಲನ್ನು ಎದೆಮಟ್ಟಕ್ಕೆ ಎತ್ತಿ ಕಟ್ಟುತ್ತಿದ್ದೆ. ಕೂತು ಕೆಲಸ ಮಾಡಿದರೆ ಮೊಣಕಾಲು ಕೇಳುವುದಿಲ್ಲ. ಸೈಕಲ್ ರಿಪೇರಿಗೆಂದೇ ಮಾಡಿದ ಸ್ಟ್ಯಾಂಡು ಬೆಂಗಳೂರಿನಲ್ಲಿ ಸಿಗುತ್ತದಂತೆ. ನಮ್ಮೂರು ಬಂಡ್ರಿಯಲ್ಲಿ ಬೇವಿನ ಮರ ಸಿಗುತ್ತದೆ.

ನಮ್ಮಿಬ್ಬರ ನಡುವಿನ ಕಾಂಪೌಂಡು ಎದೆಯೆತ್ತರದ್ದು. ಅದನ್ನು ಇನ್ನಷ್ಟು ಎತ್ತರಿಸಲು ನನಗೂ ಮನಸ್ಸಿಲ್ಲ, ಮಾಮನಿಗೂ ಇಲ್ಲ. ಎತ್ತರಿಸಿದರೆ ಸಂಜೆ ನಾಲ್ಕರಿಂದ ಆರರವರೆಗೆ ಇಬ್ಬರೂ ಏನು ಮಾಡಬೇಕು? ಮಾಮ ಇಪ್ಪತ್ತೈದು ವರ್ಷ ಲಾರಿ ಓಡಿಸಿದವರು. ಸಂಡೂರಿನ ಗುಡ್ಡದ ಅದಿರು ಹೇರಿಕೊಂಡು ಹುಬ್ಬಳ್ಳಿ ದಾಟಿ, ಘಟ್ಟ ಇಳಿದು, ಬೇಲೆಕೇರಿ ಬಂದರಿನಲ್ಲಿ ಸುರಿದು ಬರುವುದು ಅವರ ಕಸುಬು. ಚೀನಾದವರು ಒಲಿಂಪಿಕ್ಸಿಗೆ ತಯಾರಾಗುತ್ತಿದ್ದ ಕಾಲದಲ್ಲಿ ಮಾಮ ಮನೆಯಲ್ಲಿ ಮಲಗಿದ್ದು ಕಡಿಮೆ, ಕ್ಯಾಬಿನ್ನಿನಲ್ಲಿ ಮಲಗಿದ್ದೇ ಹೆಚ್ಚು. 2011ರ ಜುಲೈ 29ರಂದು ಸುಪ್ರೀಂ ಕೋರ್ಟು ಬಳ್ಳಾರಿ ಜಿಲ್ಲೆಯ ಗಣಿಗಳಿಗೆ ತಡೆ ಹಾಕಿತಲ್ಲ, ಆಗ ನಿಂತ ಲಾರಿ ಮತ್ತೆ ಹೊರಡಲಿಲ್ಲ. 2013ರಲ್ಲಿ ಕೆಲವು ಗಣಿಗಳಿಗೆ ಮತ್ತೆ ಅಪ್ಪಣೆ ಸಿಕ್ಕಿತು. ಅಷ್ಟರಲ್ಲಿ ಮಾಮ ಲಾರಿ ಮಾರಿ ಎಮ್ಮೆ ಕಟ್ಟಿದ್ದರು. ಈಗ ಅವರ ಹತ್ತಿರ ಮೂರು ಎಮ್ಮೆ ಇವೆ, ಲೆಕ್ಕವಿಲ್ಲದಷ್ಟು ಅಭಿಪ್ರಾಯಗಳಿವೆ. ಹಾಲನ್ನು ಮಾರುತ್ತಾರೆ, ಅಭಿಪ್ರಾಯವನ್ನು ಪುಕ್ಕಟೆ ಕೊಡುತ್ತಾರೆ.

ಸೈಕಲ್ಲಿನ ಚರಿತ್ರೆ ಇಷ್ಟು. ಮೇಷ್ಟ್ರ ಕೆಲಸ ಸಿಕ್ಕ ಹೊಸದರಲ್ಲಿ ಹೊಸಪೇಟೆಯಲ್ಲಿ ಕೊಂಡ ಹೀರೋ ಹಾಕ್ ಅದು. ಊರಿನವರೆಲ್ಲ ಕರೀ ಬಣ್ಣದ, ಕ್ಯಾರಿಯರ್ರು ಚೈನ್‌ಕೇಸು ಇರುವ ಗಟ್ಟಿ ಸೈಕಲ್ಲಿನಲ್ಲಿ ನೆಟ್ಟಗೆ ಕೂತು ಹೋಗುತ್ತಿದ್ದಾಗ, ನಾನು ಟಗರಿನ ಕೊಂಬಿನಂತೆ ಬಾಗಿದ ಹ್ಯಾಂಡಲ್ಲು ಹಿಡಿದು ನೆಲದಲ್ಲಿ ಕಳೆದುಹೋದ ಏನನ್ನೋ ಹುಡುಕುವವನ ಹಾಗೆ ಹೋಗುತ್ತಿದ್ದೆ. ಮಡ್‌ಗಾರ್ಡಿಲ್ಲ, ಸ್ಟ್ಯಾಂಡಿಲ್ಲ, ಹಿಂದೆ ಯಾರನ್ನೂ ಕೂರಿಸುವಂತಿಲ್ಲ. ಮದುವೆಯಾದ ಮೇಲೆ ಈ ಕೊನೆಯ ಗುಣ ದೊಡ್ಡ ದೋಷವಾಗಿ ಕಂಡಿತು. ಮೋಟರ್‌ಸೈಕಲ್ ಬಂತು. ಹಾಕ್ ದನದ ಕೊಟ್ಟಿಗೆಯ ಅಟ್ಟಕ್ಕೆ ಹಾರಿತು. ಅದರ ಮೇಲೆ ಮೆಕ್ಕೆಜೋಳದ ಚೀಲ ಬಿದ್ದವು, ಚೀಲದ ಮೇಲೆ ಕೋಳಿ ಕೂತವು. ಕೋಳಿ ಕೂತಲ್ಲಿ ಏನಾಗುತ್ತದೋ ಅದೂ ಆಯಿತು.

ಈಗ ಯಾಕೆ ಇಳಿಸಿದೆ ಎಂದರೆ, ಸಕ್ಕರೆ ಕಾಯಿಲೆ. ದಿನಾ ನಡೆಯಿರಿ ಎಂದರು ಡಾಕ್ಟರು. ಬಂಡ್ರಿಯಂಥ ಊರಿನಲ್ಲಿ ರಿಟೈರಾದ ಮೇಷ್ಟ್ರು ನಡೆಯುವುದು ಸುಲಭವಲ್ಲ. ಹತ್ತು ಹೆಜ್ಜೆಗೊಬ್ಬ ಹಳೇ ಶಿಷ್ಯ. "ಸಾರ್, ಎಲ್ಲಿಗೆ ಹೊಂಟ್ರಿ? ಬರ್ರಿ, ಚಾ ಕುಡಿಯೋಣ." ಒಂದು ಕಿಲೋಮೀಟರಿಗೆ ನಾಲ್ಕು ಚಾ, ಚಾಕ್ಕೆ ಎರಡು ಚಮಚ. ಹದಿನೈದು ದಿನ ನಡೆದ ಮೇಲೆ ಸಕ್ಕರೆ ಏರಿತ್ತು. ಸೈಕಲ್ಲಾದರೆ ಕೈ ಎತ್ತಿ ಮುಂದೆ ಹೋಗಬಹುದು.

"ಓರಾಯ್ಲಿಂಗ್ ಮಾಡ್ಸಿದ್ರೆ ಮುಗೀತು" ಎಂದರು ಮಾಮ. ಈ ಶಬ್ದದ ಮೇಲೆ ನನಗೆ ಹಳೇ ಸಿಟ್ಟಿದೆ. ಎಲ್ಲ ಬಿಚ್ಚಿ, ತೊಳೆದು, ಸವೆದದ್ದನ್ನು ಬದಲಿಸಿ, ಮತ್ತೆ ಜೋಡಿಸುವುದು ಓವರ್‌ಹಾಲ್. ಆ ಇಂಗ್ಲಿಷ್ ಮಾತು ನಮ್ಮೂರ ಸೈಕಲ್ ಶಾಪಿಗೆ ಬರುವಾಗ ಎಣ್ಣೆ ಹಚ್ಚಿಕೊಂಡು ಬಂತು. ಓವರ್‌ಆಯ್ಲಿಂಗ್ ಎಂದ ಮೇಲೆ ಇನ್ನೇನು, ಕಂಡಕಂಡಲ್ಲಿ ಎಣ್ಣೆ ಸುರಿಯುವುದು. ಬೇರೆ ಊರಿನಲ್ಲಿ ಇದರಿಂದ ಅಂಥ ನಷ್ಟವಿಲ್ಲವೇನೋ. ಸಂಡೂರು ಸೀಮೆಯಲ್ಲಿ ಇದೆ. ಇಲ್ಲಿ ರಸ್ತೆಯ ಮೇಲಿರುವುದು ಬರೀ ಧೂಳಲ್ಲ, ಅದಿರಿನ ಪುಡಿ. ಪತ್ತಾರರು ಚಿನ್ನಕ್ಕೆ ಹೊಳಪು ಕೊಡಲು ಉಜ್ಜುವ ಕೆಂಪು ಪುಡಿ ಇದೆಯಲ್ಲ, ಅದೂ ಕಬ್ಬಿಣದ ಆಕ್ಸೈಡೇ. ಎಣ್ಣೆ ಜಿನುಗುವ ಚೈನಿಗೆ ಈ ಪುಡಿ ಅಂಟಿದರೆ ಚೈನು ತನ್ನನ್ನು ತಾನೇ ಅರೆದುಕೊಳ್ಳುತ್ತದೆ. ಕೀಲು ಕೀಲಿಗೆ ಒಂದೊಂದು ಹನಿ ಬಿಟ್ಟು, ನಾಲ್ಕು ಸುತ್ತು ತಿರುಗಿಸಿ, ಮೇಲಿನದ್ದನ್ನೆಲ್ಲ ಬಟ್ಟೆಯಲ್ಲಿ ಒರೆಸಿಬಿಡಬೇಕು. ಎಣ್ಣೆ ಒಳಗಿರಬೇಕು, ಹೊರಗೆ ಕಾಣಬಾರದು. ಇದನ್ನು ಮಾಮನಿಗೆ ವಿವರಿಸಿದೆ. "ಅಷ್ಟು ಜಿಪುಣತನ ಮಾಡೋರು ಸೈಕಲ್ ಯಾಕೆ ಇಟ್ಕೋಬೇಕು" ಎಂದರು.

ಮೊದಲ ವಾರವಿಡೀ ತುಕ್ಕಿನ ಸಂಗಡ ಹೋಯಿತು. ಹ್ಯಾಂಡಲ್ಲು, ರಿಮ್ಮು, ಪೆಡಲಿನ ಕಡ್ಡಿ, ಎಲ್ಲದರ ಕ್ರೋಮು ಸಿಡುಬು ಬಂದ ಮುಖದಂತಾಗಿತ್ತು. ಮನೆಯಾಕಿಯ ಡಬ್ಬಿಯಿಂದ ನಿಂಬೆಗಾತ್ರದ ಹುಣಸೆಹಣ್ಣು ತೆಗೆದು, ಕಿವಿಚಿ, ಬಳಿದು, ಅರ್ಧ ಗಂಟೆ ಬಿಟ್ಟು ಉಜ್ಜಿದೆ. ತಾಮ್ರದ ಕೊಡಕ್ಕೆ ಆಗುವುದು ಕಬ್ಬಿಣಕ್ಕೆ ಯಾಕೆ ಆಗಬಾರದು? ಆಯಿತು, ಸುಮಾರಾಗಿ. ಆದರೆ ನಿಂಬೆಗಾತ್ರದ್ದು ತೆಂಗಿನಕಾಯಿ ಗಾತ್ರಕ್ಕೆ ಬಂದಾಗ ಡಬ್ಬಿ ಕಪಾಟಿನ ಮೇಲಿನ ಅಂಕಣಕ್ಕೆ ಏರಿತು. ಅದಕ್ಕಿಂತ ಒಳ್ಳೆಯ ಉಪಾಯ ಹೋಟೆಲಿನವರು ಪಾರ್ಸೆಲ್ ಕಟ್ಟಿಕೊಡುವ ಬೆಳ್ಳಿಬಣ್ಣದ ಹಾಳೆ. ಅದನ್ನು ಉಂಡೆ ಮಾಡಿ, ನೀರಲ್ಲಿ ಅದ್ದಿ ತಿಕ್ಕಿದರೆ ಕ್ರೋಮಿನ ಮೇಲಿನ ತುಕ್ಕು ಕಂದು ರಾಡಿಯಾಗಿ ಇಳಿಯುತ್ತದೆ. ಅಲ್ಯೂಮಿನಿಯಂ ಕ್ರೋಮಿಗಿಂತ ಮೆತ್ತಗೆ, ಹಾಗಾಗಿ ಗೀರು ಬೀಳುವುದಿಲ್ಲ. ಉಪ್ಪುಕಾಗದ ಹಿಡಿದವನು ಕೆಟ್ಟ.

ಕೆಳಗೆ ಹಾಸಿದ್ದ ಹಳೇ ಪೇಪರಿನ ಮೇಲೆ ಆ ಕೆಂಪು ಪುಡಿ ಒಂದು ಹಿಡಿಯಷ್ಟು ಕೂಡಿತು. ಮಾಮ ಕೈ ಚಾಚಿ ಒಂದು ಚಿಟಿಕೆ ತೆಗೆದುಕೊಂಡು, ಹೆಬ್ಬೆರಳು ತೋರುಬೆರಳ ನಡುವೆ ಉಜ್ಜಿ ನೋಡಿದರು. ಅಡಿಕೆ ವ್ಯಾಪಾರಿ ಅಡಿಕೆ ನೋಡುವ ಹಾಗೆ.

"ಇದು ನಮ್ಮ ಮಾಲೇ ಅಲ್ಲೇನ್ರಿ?"

ಅವರು ತಮಾಷೆಗೆ ಹೇಳಿದ್ದಲ್ಲ. ನಾನೂ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿದವನು, ಹೌದಲ್ಲ ಎನ್ನಿಸಿತು. ಗುಡ್ಡದಲ್ಲಿರುವ ಹೆಮಟೈಟು ಕಬ್ಬಿಣ ಮತ್ತು ಆಮ್ಲಜನಕದ ಜೋಡಿ. ಶುದ್ಧವಾಗಿದ್ದರೆ ನೂರಕ್ಕೆ 70 ಪಾಲು ಕಬ್ಬಿಣ. ನಮ್ಮ ಗುಡ್ಡದ ಒಳ್ಳೆಯ ಮಾಲಿನಲ್ಲಿ 60ರ ಮೇಲೆ. ಕುಲುಮೆಯಲ್ಲಿ ಕಲ್ಲಿದ್ದಲು ಸುಟ್ಟು ಆಮ್ಲಜನಕವನ್ನು ಎಳೆದು ತೆಗೆದರೆ ಕಬ್ಬಿಣ. ಆ ಕಬ್ಬಿಣವನ್ನು ಕೊಟ್ಟಿಗೆಯ ಅಟ್ಟದ ಮೇಲೆ, ಸೋರುವ ಹೆಂಚಿನ ಕೆಳಗೆ, ಕೋಳಿಯ ಕೆಳಗೆ ಬಿಟ್ಟರೆ ಗಾಳಿಯಿಂದ, ನೀರಿನಿಂದ ಆಮ್ಲಜನಕವನ್ನು ಮತ್ತೆ ಕರೆದುಕೊಳ್ಳುತ್ತದೆ. ತುಕ್ಕು ಎಂದರೆ ನೀರು ಕುಡಿದ ಅದಿರು. ತೋರಣಗಲ್ಲಿನಲ್ಲಿ ಅಷ್ಟು ದೊಡ್ಡ ಉಕ್ಕಿನ ಕಾರ್ಖಾನೆ ಹಗಲು ರಾತ್ರಿ ಬೆಂಕಿ ಉರಿಸಿ ಮಾಡುವ ಕೆಲಸವನ್ನು ನನ್ನ ಕೋಳಿಗಳು ಸದ್ದಿಲ್ಲದೆ ತಿರುಗಿಸುತ್ತಿದ್ದವು.

"ಟನ್ನಿಗೆ ಇಷ್ಟು ಅಂತ ಬಾಡಿಗಿ ತಗೊಂಡು ಇದನ್ನ ಹೊತ್ತು ಸಮುದ್ರಕ್ಕೆ ಹಾಕಿ ಬಂದೆ. ಇದು ನೋಡಿದ್ರೆ ಪುಕ್ಕಟೆ ವಾಪಸ್ ಬರಾಕತ್ತೈತೆ" ಎಂದು ಮಾಮ ಆ ಚಿಟಿಕೆಯನ್ನು ಎಮ್ಮೆಯ ಕಡೆ ಊದಿದರು. ನನ್ನ ಸೈಕಲ್ಲು ಲೂಧಿಯಾನದ್ದು, ಅದರ ಕಬ್ಬಿಣ ಯಾವ ಗುಡ್ಡದ್ದೋ. ಮಾಮನ ಮುಖ ನೋಡಿ ಆ ತಿದ್ದುಪಡಿ ಮಂಡಿಸಲಿಲ್ಲ.

ಎರಡನೇ ವಾರ ಪೆಡಲಿನ ಅಚ್ಚು. ಕ್ರ್ಯಾಂಕನ್ನು ಅಚ್ಚಿಗೆ ಹಿಡಿದಿರುವುದು ಕಾಟರ್ ಪಿನ್ನು, ಒಂದು ಕಡೆ ಚಪ್ಪಟೆಯಾಗಿ ಅರೆದ ಬೆಣೆ. ಸುತ್ತಿಗೆಯಲ್ಲಿ ನೇರ ಹೊಡೆದರೆ ಪೆಟ್ಟೆಲ್ಲ ಒಳಗಿನ ಗೋಲಿಗಳಿಗೆ ಹೋಗಿ ಬಟ್ಟಲಿನಲ್ಲಿ ಗುಳಿ ಬೀಳುತ್ತದೆ. ಕ್ರ್ಯಾಂಕಿನ ಕೆಳಗೆ ನೆಲಕ್ಕೆ ಮುಟ್ಟುವ ಹಾಗೆ ಕಬ್ಬಿಣದ ಪೈಪು ನಿಲ್ಲಿಸಿ, ಪಿನ್ನು ಪೈಪಿನೊಳಗೆ ಇಳಿಯುವಂತೆ ಒಂದೇ ಒಂದು ಗಟ್ಟಿ ಪೆಟ್ಟು ಕೊಡಬೇಕು. ಪೈಪಿನ ತುಂಡು ಮಾಮನ ಮನೆಯದು. ಪೆಟ್ಟೂ ಅವರದೇ, ನಾನು ಹೊಡೆದ ಆರು ಪೆಟ್ಟು ನೋಡಲಾರದೆ ಕಾಂಪೌಂಡು ಹಾರಿ ಬಂದಿದ್ದರು.

ಅದಾದ ಮೇಲೆ ಚೈನಿನ ಕಡೆಯ ಕಪ್ಪು, ಅಂದರೆ ಗೋಲಿ ಕೂರುವ ಬಟ್ಟಲು. ಎರಡು ದಿನ ಅದನ್ನು ತಿರುಗಿಸಿದೆ. ಡೀಸೆಲ್ ಕುಡಿಸಿದೆ, ಪಾನಾಕ್ಕೆ ಉದ್ದದ ಪೈಪು ಸಿಕ್ಕಿಸಿ ಜೋತುಬಿದ್ದೆ. ಮಾಮ ಎರಡೂ ದಿನ ಕಾಂಪೌಂಡಿಗೆ ಒರಗಿ, ಬೀಡಿ ಸೇದುತ್ತ ನೋಡಿದರು. ಮೂರನೇ ದಿನ ಸಂಜೆ, "ಅಲ್ಲ ಮೇಷ್ಟ್ರೇ, ಅದು ಉಲ್ಟಾ ತ್ರೆಡ್ಡು ಇರಬೌದಲ್ಲ? ನಮ್ಮ ಲಾರಿಗೂ ಎಡಗಡೆ ಗಾಲಿ ನಟ್ಟು ಉಲ್ಟಾನೇ ಇತ್ತು" ಎಂದರು. ಇತ್ತು. ನಾನು ಎರಡು ದಿನ ಮೈಮುರಿದು ಅದನ್ನು ಬಿಗಿ ಮಾಡಿದ್ದೆ.

"ಮೊದಲೇ ಹೇಳಬಾರದಿತ್ತೇ?"

"ಕಲಿಸೋರು ನೀವು. ನಾನ್ಯಾಕೆ ಬಾಯಿ ಹಾಕ್ಲಿ?"

ಈ ಉಲ್ಟಾ ತ್ರೆಡ್ಡಿನ ಪದ್ಧತಿಗೆ ಬಿಎಸ್ಎ ಎಂದೇ ಹೆಸರು: ವ್ಯಾಸ 1.37 ಇಂಚು, ಇಂಚಿಗೆ 24 ಎಳೆ, ಚೈನಿನ ಕಡೆ ತಿರುವು ಮುರುವು. ಬಿಎಸ್ಎ ಎಂದರೆ ಬರ್ಮಿಂಗ್‌ಹ್ಯಾಮ್ ಸ್ಮಾಲ್ ಆರ್ಮ್ಸ್, 1861ರಲ್ಲಿ ಹುಟ್ಟಿದ ಬಂದೂಕಿನ ಕಂಪನಿ. ಒಂದಕ್ಕೊಂದು ಒರಗಿಸಿಟ್ಟ ಮೂರು ಬಂದೂಕು ಅದರ ಮುದ್ರೆ. ಬಂದೂಕು ಕೊರೆಯುವವರು ಗೊತ್ತುಮಾಡಿದ ಎಳೆ ಇವತ್ತಿಗೂ ಲೂಧಿಯಾನದಿಂದ ತೈವಾನಿನವರೆಗೆ ನಡೆದಿದೆ. ಅದರಿಂದ ನನಗೆ ಸಿಕ್ಕ ಲಾಭವೆಂದರೆ ಹೊಸಪೇಟೆಯ ಸಾಧಾರಣ ಅಂಗಡಿಯಲ್ಲೂ ಕಪ್ಪು, ಅಚ್ಚು, ಗೋಲಿ ಎಲ್ಲ ಸಿಕ್ಕಿದ್ದು. ಗೋಲಿ ಪಾವು ಇಂಚಿನವು, ಒಂದು ಕಡೆಗೆ ಹನ್ನೊಂದು, ಒಟ್ಟು ಇಪ್ಪತ್ತೆರಡು. ಮುಚ್ಚಳದಲ್ಲಿ ಎಣಿಸಿಟ್ಟು ಗ್ರೀಸ್ ತರಲು ಒಳಗೆ ಹೋಗಿ ಬಂದರೆ ಇಪ್ಪತ್ತೊಂದು. ಕೆಂಪು ಹೇಂಟೆ ಪಕ್ಕದಲ್ಲೇ ನಿಂತು ಕತ್ತು ಓರೆ ಮಾಡಿ ನೋಡುತ್ತಿತ್ತು. ಅದೇ ನುಂಗಿತು ಎಂಬುದು ಮಾಮನ ವಾದ. ವಾರವಿಡೀ ಅದರ ಹಿಂದೆ ಓಡಾಡಿ ಸಾಕ್ಷಿ ಹುಡುಕಿದರು. ಮಾಮನಿಗೆ ಹೇಳಿಲ್ಲ: ಗೋಲಿ ನನ್ನ ಚಪ್ಪಲಿಯ ಕೆಳಗೆ ಗ್ರೀಸಿಗೆ ಅಂಟಿತ್ತು.

ಮೆಕ್ಕೆಜೋಳದ ಚೀಲ ಮಾಡಿದ ಅನಾಹುತ ಗೊತ್ತಾದದ್ದು ಆಮೇಲೆ. ಹಿಂದಿನ ಗಾಲಿ ಫ್ರೇಮಿನ ನಡುವೆ ಕೂರುತ್ತಿರಲಿಲ್ಲ, ಎಡಕ್ಕೆ ವಾಲುತ್ತಿತ್ತು. ಗಾಲಿ ಬೆಂಡೋ ಫ್ರೇಮು ಬೆಂಡೋ? ಇದನ್ನು ನೋಡಲು ಯಂತ್ರ ಬೇಡ, ಗೌಂಡಿಗಳು ಗೋಡೆಗೆ ಹಿಡಿಯುವ ದಾರ ಸಾಕು. ಹಿಂದಿನ ಅಚ್ಚು ಕೂರುವ ಬಲಗಡೆಯ ಬಾಯಿಗೆ ದಾರ ಕಟ್ಟಿ, ಮುಂದೆ ಹ್ಯಾಂಡಲ್ಲಿನ ಕೆಳಗಿನ ಪೈಪನ್ನು ಬಳಸಿ ತಂದು, ಎಡಗಡೆಯ ಬಾಯಿಗೆ ಬಿಗಿಯಾಗಿ ಕಟ್ಟಬೇಕು. ಸೀಟಿನ ಪೈಪಿನಿಂದ ದಾರಕ್ಕೆ ಎರಡೂ ಕಡೆ ಎಷ್ಟು ಸಂದಿದೆ, ಅಳೆದರಾಯಿತು. ಎಡಗಡೆ 8 ಮಿಲಿಮೀಟರ್ ಹೆಚ್ಚಿಗೆ ಬಂತು. ಅಂದರೆ ಹಿಂದಿನ ಕವಲು ನಡುಗೆರೆಯಿಂದ ಸರಿದಿದೆ, ಭಾರ ಹಾಕಿ ಬಗ್ಗಿಸಬೇಕು.

"ಬಿಡಿಸಿ ಹೇಳ್ರಿ ಮೇಷ್ಟ್ರೇ, ಎಲ್ಲಿ ಕೂಡ್ಬೇಕು ನಾನು?"

ಫ್ರೇಮನ್ನು ಹಾಸುಗಲ್ಲಿನ ಮೇಲೆ ಗೋಣಿತಾಟು ಹಾಸಿ ಮಲಗಿಸಿದೆವು. ಕವಲಿನ ನಡುವೆ ಮರದ ತೊಲೆ ಸಿಕ್ಕಿಸಿದೆವು. ಮಾಮ ತೊಲೆಯ ತುದಿಗೆ ಮೆಲ್ಲಗೆ ಭಾರ ಬಿಟ್ಟರು, ನಾನು ದಾರ ಹಿಡಿದು ಅಳೆದೆ. ಉಕ್ಕಿನ ಹಟ ನೋಡಬೇಕಾದರೆ ಇಲ್ಲಿ ನೋಡಬೇಕು. ಬಗ್ಗಿಸುತ್ತೀರಿ, ಬಿಟ್ಟ ಕೂಡಲೇ ವಾಪಸ್. ಇನ್ನಷ್ಟು ಬಗ್ಗಿಸುತ್ತೀರಿ, ಮತ್ತೆ ವಾಪಸ್. ಒಂದು ಹದ ದಾಟಿದ ಮೇಲೆ ಎಲ್ಲೋ ಒಳಗೆ ಒಪ್ಪಿಕೊಳ್ಳುತ್ತದೆ. ಬಿಟ್ಟರೆ ಅರ್ಧ ಮಿಲಿಮೀಟರ್ ಅಲ್ಲೇ ನಿಲ್ಲುತ್ತದೆ. ಹಾಗೆ ಅರ್ಧರ್ಧ ಗೆಲ್ಲುತ್ತ, ನಡುವೆ ಎರಡು ಸಲ ಚಾ ಕುಡಿಯುತ್ತ (ಸಕ್ಕರೆ ಇಲ್ಲದ್ದು), ಮಧ್ಯಾಹ್ನದ ಹೊತ್ತಿಗೆ ದಾರ ಎರಡೂ ಕಡೆ ಸಮ ಬಂತು. ಬೆಂಗಳೂರಿನಲ್ಲಿರುವ ನನ್ನ ಅಕ್ಕನ ಮಗನ ಕಾರ್ಬನ್ ಸೈಕಲ್ಲು ನನ್ನದರ ಅರ್ಧ ತೂಕವೂ ಇಲ್ಲ; ಒಂದೇ ಕೈಯಲ್ಲಿ ಎತ್ತುತ್ತಾನೆ. ಅದರ ಮೇಲೆ ಹೀಗೆ ಕೂತಿದ್ದರೆ ಒಡೆದುಹೋಗುತ್ತಿತ್ತು. ಅಲ್ಯೂಮಿನಿಯಂ ಆದರೆ ಬಿರುಕು ಬಿಡುತ್ತಿತ್ತು. ಉಕ್ಕಿನ ಫ್ರೇಮಿಗೆ ಊರಿನ ಗೌಂಡಿಯ ದಾರ, ಲಾರಿ ಡ್ರೈವರಿನ ತೂಕ, ಬೇಕಾದರೆ ಟ್ರ್ಯಾಕ್ಟರ್ ಟ್ರೈಲರ್ ಬೆಸೆಯುವವನ ವೆಲ್ಡಿಂಗು ಸಾಕು. ಹಳೇ ಉಕ್ಕಿನ ಸೈಕಲ್ಲು ಚಂದ, ಅದರ ಓಟ ಮೆತ್ತಗೆ ಎಂದೆಲ್ಲ ಹೊಗಳುವವರಿದ್ದಾರೆ. ನನ್ನ ಮಟ್ಟಿಗೆ ಅದರ ದೊಡ್ಡ ಗುಣ ಇದೊಂದೇ: ಬಂಡ್ರಿಯಲ್ಲಿ ರಿಪೇರಿಯಾಗುತ್ತದೆ.

ಅಕ್ಕನ ಮಗ ವಿಡಿಯೋ ಕಾಲಿನಲ್ಲಿ ಎಲ್ಲ ನೋಡಿದ. "ಮಾಮಾ, ಫ್ರೇಮ್ ಒಂದು ಇಟ್ಕೊಂಡು ಮಿಕ್ಕಿದ್ದೆಲ್ಲ ಬದಲಾಯಿಸಿಬಿಡಿ, ಗೇರ್ ಹಾಕಿಸಿ" ಎಂದ. ಪಟ್ಟಿ ಕಳಿಸಿದ. ಪಟ್ಟಿಯ ಮೊತ್ತಕ್ಕೆ ಮಾಮ ಇನ್ನೊಂದು ಎಮ್ಮೆ ಕಟ್ಟಬಹುದಿತ್ತು, ಕರು ಸಮೇತ. ನಾನು ನನ್ನದೇ ಒಂದು ನಿಯಮ ಮಾಡಿಕೊಂಡೆ. ಯಾವುದು ಕೈಕೊಟ್ಟರೆ ನಾನು ಬೀಳುತ್ತೇನೋ ಅದನ್ನು ಹೊಸದು ಹಾಕುವುದು: ಬ್ರೇಕು, ಅದರ ತಂತಿ, ಟೈರು, ಚೈನು. ಯಾವುದು ಹಳತಾದರೆ ಬರೀ ಹಳತಾಗಿ ಕಾಣುತ್ತದೋ ಅದನ್ನು ಹಾಗೇ ಬಿಡುವುದು.

ಚೈನಿನ ವಿಷಯಕ್ಕೆ ಮಾಮ ಒಪ್ಪಲಿಲ್ಲ. "ಕಡೀಲಿಲ್ಲ, ಏನಿಲ್ಲ. ಯಾಕೆ ಬದಲಿಸ್ತೀರಿ?" ಒಂದಡಿ ಸ್ಕೇಲು ಹಿಡಿದು ತೋರಿಸಿದೆ. ಸೈಕಲ್ ಚೈನಿನ ಒಂದೊಂದು ಕೊಂಡಿ ಸರಿಯಾಗಿ ಅರ್ಧ ಇಂಚು. ಇಪ್ಪತ್ನಾಲ್ಕು ಕೊಂಡಿಗೆ 12 ಇಂಚು ಬರಬೇಕು. ಇಂಚಿನ ಹದಿನಾರನೇ ಒಂದು ಪಾಲು ಹೆಚ್ಚು ಬಂದರೆ ಚೈನು ಬದಲಿಸುವ ಹೊತ್ತಾಯಿತು ಎಂದು ಅರ್ಥ. ಎಂಟನೇ ಒಂದು ಪಾಲು ಹೆಚ್ಚು ಬಂದರೆ ಅದು ಹಲ್ಲುಗಳನ್ನೂ ತಿಂದಿರುತ್ತದೆ. ನನ್ನದು ಅದನ್ನೂ ದಾಟಿತ್ತು.

"ಡ್ಯಾಮಿಂದು ಎಪ್ಪತ್ತು ವರ್ಷ ಬಂತು ಚೈನು. ನಿಮ್ದು ಮೂವತ್ತಕ್ಕೇ ಮುದುಕಾತೇನು?"

ಮಾಮನ ವಾದದ ರೀತಿ ಇದು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಮಿನ ಮೂವತ್ಮೂರು ಗೇಟುಗಳಲ್ಲಿ ಹತ್ತೊಂಬತ್ತನೆಯದು ಚೈನು ತುಂಡಾಗಿ ಕೊಚ್ಚಿಹೋದದ್ದು ಈ ಸೀಮೆಯಲ್ಲಿ ಯಾರಿಗೆ ಮರೆತಿದೆ? ತುಂಬಿದ ಡ್ಯಾಮು. ಹೊಸಪೇಟೆಯಿಂದ ಕಂಪ್ಲಿಯವರೆಗೆ ಹೊಳೆದಂಡೆಯ ಜನ ನಿದ್ದೆಗೆಟ್ಟು ಕೂತಿದ್ದರು. ಮುರಿದ ಜಾಗಕ್ಕೆ ಉಕ್ಕಿನ ಹಲಗೆಗಳನ್ನು ಇಳಿಸಿ ನೀರು ನಿಲ್ಲಿಸುವ ಉಪಾಯ ಕನ್ನಯ್ಯ ನಾಯ್ಡು ಎಂಬ ವಯೋವೃದ್ಧ ಇಂಜಿನಿಯರರದು. ಹರಿಯುವ ನೀರಿನಲ್ಲೇ ಒಂದು ವಾರದಲ್ಲಿ ಮುಗಿಸಿದರು. ಆ ಚೈನು ಎಪ್ಪತ್ತು ವರ್ಷ ಬಾಳಿತು ಎನ್ನುವುದು ಮಾಮನ ಕಣ್ಣಿಗೆ ಕಂಡಿತು. ನನ್ನ ಕಣ್ಣಿಗೆ ಕಂಡದ್ದು ಅದು ಒಂದು ರಾತ್ರಿ ತುಂಡಾಯಿತು ಎನ್ನುವುದು. ಸ್ಕೇಲು ಹಿಡಿದವರ ಮಾತು ಗೆದ್ದಿತು. ಹೊಸ ಚೈನು ಬಂತು.

ಜೊತೆಗೆ ಹೊಸ ಫ್ರೀವೀಲು. ಹಳೆಯದಕ್ಕೆ ಹದಿನೆಂಟು ಹಲ್ಲು, ಮುಂದಿನ ಚಕ್ರಕ್ಕೆ ನಲವತ್ತೆಂಟು. ಪೆಡಲು ಒಂದು ಸುತ್ತು ತಿರುಗಿದರೆ ಸೈಕಲ್ಲು ಐದು ಮುಕ್ಕಾಲು ಮೀಟರಿನಷ್ಟು ಮುಂದೆ ಹೋಗುತ್ತಿತ್ತು. ಇಪ್ಪತ್ತೈದನೇ ವಯಸ್ಸಿಗೆ ಇದು ಸರಿ. ಇಪ್ಪತ್ತು ಹಲ್ಲಿನದು ಹಾಕಿಸಿದೆ. ಈಗ ಐದು ಮೀಟರು ಚಿಲ್ಲರೆ ಹೋಗುತ್ತದೆ. ನನ್ನ ಪಾಲಿಗೆ ಬಂದ ಗೇರು ಈ ಎರಡು ಹಲ್ಲು. "ವಯಸ್ಸಾದ್ಮ್ಯಾಲೆ ಹಲ್ಲು ಹೋಗ್ತಾವ. ನಿಮಗೆ ಎರಡು ಬಂದಾವಲ್ರೀ" ಎಂದು ಮಾಮನ ಮನೆಯ ಅತ್ತೆಯವರು ಒಳಗಿನಿಂದಲೇ ಹೇಳಿದರು. ಇಡೀ ಎರಡು ತಿಂಗಳಲ್ಲಿ ಈ ಸೈಕಲ್ಲಿನ ಬಗ್ಗೆ ಅವರು ಆಡಿದ ಮಾತು ಅದೊಂದೇ.

ಗಾಲಿಯದು ದೊಡ್ಡ ಪುರಾಣ. ಹಳೇ ರಿಮ್ಮು ಕ್ರೋಮು ಹಚ್ಚಿದ ಉಕ್ಕು. ಒಣ ರಸ್ತೆಯಲ್ಲಿ ಹೇಗೋ ನಡೆಯುತ್ತದೆ. ಮಳೆಯಲ್ಲಿ ಅದಕ್ಕೆ ಬ್ರೇಕು ಹಾಕುವುದೆಂದರೆ ತಾಲೂಕು ಕಚೇರಿಗೆ ಅರ್ಜಿ ಹಾಕಿದ ಹಾಗೆ. ಮಂಜೂರಾಗುವಷ್ಟರಲ್ಲಿ ಎದುರಿಗೆ ಎಮ್ಮೆ ಬಂದಿರುತ್ತದೆ. ಅಲಾಯ್ ರಿಮ್ಮು ಹಾಕಿದರೆ ನೀರಲ್ಲೂ ರಬ್ಬರು ಕಚ್ಚುತ್ತದೆ. ಹಳೇ ಸೈಕಲ್ಲಿಗೆ ಒಂದೇ ಒಂದು ಸುಧಾರಣೆ ಮಾಡುವಷ್ಟು ದುಡ್ಡಿದ್ದರೆ ಇದನ್ನೇ ಮಾಡಿ ಎನ್ನುತ್ತೇನೆ. ಅಲಾಯ್ ಎಂದರೆ ಅಲ್ಯೂಮಿನಿಯಂ ಎಂದು ಕೇಳಿ ಮಾಮ ಸ್ವಲ್ಪ ಕಳೆಗುಂದಿದರು. "ನಮ್ಮ ಗುಡ್ಡದ್ದಲ್ಲ ಹಂಗಾದ್ರೆ."

ಹೊಸಪೇಟೆಯ ಅಂಗಡಿಗೆ ಹಳೇ ಗಾಲಿ ಹೊತ್ತುಕೊಂಡು ಬಸ್ಸಿನಲ್ಲಿ ಹೋದೆ. ಟೈರಿನ ಮೇಲೆ 27 × 1¼ ಎಂದಿದೆ. ಅಂಗಡಿಯ ಭಾಯಿ ಕನ್ನಡಕ ಏರಿಸಿ ಓದಿ, "ಸಾರ್, ಈ ಸೈಜು ಕೇಳ್ಕೊಂಡು ಯಾರಾದ್ರೂ ಬಂದು ಜಮಾನಾ ಆಯ್ತು. 700 ಹಾಕ್ಕೊಂಡು ಹೋಗಿ" ಎಂದರು. ಇಲ್ಲಿ ಓದುಗರು ಸ್ವಲ್ಪ ತಾಳ್ಮೆ ಇಟ್ಟುಕೊಳ್ಳಬೇಕು. ಟೈರು ಕೂರುವ ಜಾಗದಲ್ಲಿ ಅಳೆದರೆ 27 ಇಂಚಿನ ಆ ರಿಮ್ಮು 630 ಮಿಲಿಮೀಟರ್. ಈಗಿನ ರೇಸ್ ಸೈಕಲ್ಲಿನ 700ರ ರಿಮ್ಮು 622. ನಮ್ಮ ಹಾಲಿನವರ ಸೈಕಲ್ಲಿನ 28 × 1½ರದ್ದು 635. ಅಂದರೆ 700 ಎನ್ನುವ ಗಾಲಿಯ ರಿಮ್ಮನ್ನು ಎಲ್ಲಿ ಅಳೆದರೂ 700 ಇಲ್ಲ, ಅದು 27ಕ್ಕಿಂತ ಚಿಕ್ಕದು, ಮತ್ತು ಅದನ್ನೇ ಕೆಲವು ಕಂಪನಿಯವರು 28 ಎಂದು ಮಾರುತ್ತಾರೆ. ಮೂವತ್ತು ವರ್ಷ ಮಕ್ಕಳಿಗೆ ಅಳತೆಯ ಪಾಠ ಮಾಡಿದವನು ಅಂಗಡಿಯ ಸ್ಟೂಲಿನ ಮೇಲೆ ತಲೆ ಹಿಡಿದು ಕೂತೆ. ಭಾಯಿ ಚಾ ತರಿಸಿದರು. ಸಕ್ಕರೆ ಹಾಕಿದ್ದು.

ವ್ಯಾಸದಲ್ಲಿ 8 ಮಿಲಿಮೀಟರ್ ಕಡಿಮೆಯಾದರೆ ಬ್ರೇಕಿನ ರಬ್ಬರು 4 ಮಿಲಿಮೀಟರ್ ಕೆಳಗಿಳಿಯಬೇಕು. ಮುಂದಿನ ಬ್ರೇಕಿನ ಸಂದಿಯಲ್ಲಿ ಅಷ್ಟು ಜಾಗವಿತ್ತು, ಸರಿಯಾಗಿ ಕೂತಿತು. ಹಿಂದಿನದರಲ್ಲಿ ಇರಲಿಲ್ಲ, ರಬ್ಬರು ಟೈರನ್ನೇ ಸವರುತ್ತಿತ್ತು. ಸೈಕಲ್ಲು ನಿಲ್ಲಿಸುವ ಕೆಲಸದ ದೊಡ್ಡ ಪಾಲು ಮುಂದಿನ ಬ್ರೇಕಿನದೇ ತಾನೇ ಎಂದು ಸಮಾಧಾನ ಮಾಡಿಕೊಂಡು ಮುಂದೆ ಹೊಸ ಗಾಲಿ ಹಾಕಿದೆ, ಹಿಂದೆ ಹಳೆಯದನ್ನೇ ತಿಕ್ಕಿ, ಕಡ್ಡಿ ಬಿಗಿದು, ಬೆಂಡು ತೆಗೆದು ಉಳಿಸಿಕೊಂಡೆ. ಮಾಮ ಹತ್ತು ಹೆಜ್ಜೆ ಹಿಂದೆ ಹೋಗಿ, ಒಂದು ಕಣ್ಣು ಮುಚ್ಚಿ ನೋಡಿದರು. ನಾಲ್ಕು ಮಿಲಿಮೀಟರ್ ಯಾರ ಕಣ್ಣಿಗೂ ಕಾಣುವಂಥದ್ದಲ್ಲ.

"ಮುಂದೆ ಸಣ್ಣ ಗಾಲಿ, ಹಿಂದೆ ದೊಡ್ಡ ಗಾಲಿ. ಟ್ರ್ಯಾಕ್ಟರ್ ಮಾಡೀರಲ್ಲ ಮೇಷ್ಟ್ರೇ!"

ಸಂಜೆಯೊಳಗೆ ಓಣಿಗೆಲ್ಲ ಗೊತ್ತಾಗಿತ್ತು.

ಬಣ್ಣದ ವಿಷಯದಲ್ಲಿ ಮಾತ್ರ ನಾನು ಜಗ್ಗಲಿಲ್ಲ. ಲಾರಿಗೆ ಬಣ್ಣ ಬಳಿಯುವವರ ಪರಿಚಯವಿದೆ, ಹಿಂದೆ ನವಿಲು ಬರೆಸಿಕೊಡುತ್ತೇನೆ ಎಂದು ಮಾಮ ಆಸೆ ಹುಟ್ಟಿಸಿದರು. ಬೇಡ ಎಂದೆ. ಪೈಪಿನ ಮೇಲೆ ಹಾಕ್ ಎಂಬ ಅಕ್ಷರದ ಅರ್ಧ ಇನ್ನೂ ಇದೆ. ಕಂಪನಿಯಲ್ಲಿ ಹಚ್ಚಿದ ಬಣ್ಣ ಒಂದೇ ಸಲ ಹಚ್ಚುವಂಥದ್ದು. ಅದನ್ನು ಕೆರೆದು ಹೊಸದು ಬಳಿದರೆ ಸೈಕಲ್ಲು ಹೊಸದಾಗುವುದಿಲ್ಲ, ಗುರುತು ಸಿಗದಂತಾಗುತ್ತದೆ. ಬಣ್ಣ ಎದ್ದುಹೋಗಿ ಕಬ್ಬಿಣ ಕಾಣುವಲ್ಲಿ ಮಾತ್ರ ರೆಡ್ ಆಕ್ಸೈಡು ಮುಟ್ಟಿಸಿ, ಮೇಲೆ ತೆಳ್ಳಗೆ ವಾರ್ನಿಷು ಎಳೆದೆ. ಗೇಟಿಗೆ, ಕಿಟಕಿಯ ಸರಳಿಗೆ ಹಚ್ಚುವ ಅದೇ ಕೆಂಪು. ಡಬ್ಬಿ ಕಲಕುತ್ತಿದ್ದಾಗ ಮಾಮ ಬಗ್ಗಿ ನೋಡಿ, "ಇದರಾಗೂ ಅದೇ ಐತೇನು?" ಎಂದರು. ಅದೇ. ರೆಡ್ ಆಕ್ಸೈಡಿನ ಕೆಂಪು ಕಬ್ಬಿಣದ ಆಕ್ಸೈಡಿನದು. ತುಕ್ಕು ಹಿಡಿಯದಿರಲಿ ಎಂದು ತುಕ್ಕಿನ ದಾಯಾದಿಯನ್ನೇ ಬಳಿಯುವುದು. "ನಮ್ಮೂರ ರಸ್ತೆ ಮ್ಯಾಲೆ ಎರಡು ಸಲ ಓಡಾಡಿದ್ರೆ ಪುಕ್ಕಟೆ ಬಳಕೊಂತಿತ್ತು" ಎಂದರು. ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ.

ಎಷ್ಟು ಖರ್ಚಾಯಿತು ಎಂದು ಮಾಮ ದಿನಾ ಕೇಳುತ್ತಾರೆ. ಇಲ್ಲೂ ಬರೆಯುವಂತಿಲ್ಲ, ಮನೆಯಾಕಿ ಪತ್ರಿಕೆ ಓದುತ್ತಾಳೆ. ಹುಣಸೆಹಣ್ಣಿನ ಲೆಕ್ಕ ಅವಳ ಹತ್ತಿರವೇ ಇದೆ. 2006-07ರಲ್ಲಿ ಸರ್ಕಾರ ಎಂಟನೇ ಕ್ಲಾಸಿನ ಮಕ್ಕಳಿಗೆ ಸೈಕಲ್ ಕೊಡಲು ಶುರುಮಾಡಿದಾಗ, ಶಾಲೆಯಂಗಳದಲ್ಲಿ ಸಾಲಾಗಿ ನಿಂತ ಹೊಸ ಸೈಕಲ್ಲುಗಳ ನಟ್ಟು ಬೋಲ್ಟು ಬಿಗಿದು ಕೊಡುತ್ತಿದ್ದವನು ನಾನೇ. ಎಂಥ ಸೊಗಸಾದ ಮಧ್ಯಾಹ್ನಗಳು ಅವು. ಮಕ್ಕಳಿಗಿಂತ ನನಗೇ ಖುಷಿ ಹೆಚ್ಚಿತ್ತೇನೋ. ಆ ಖುಷಿಗೆ ಇಷ್ಟು ವರ್ಷದ ಮೇಲೆ ಕೊಟ್ಟ ಬೆಲೆ ಎಂದುಕೊಂಡರೆ ದುಬಾರಿಯೇನಲ್ಲ. ಹೀಗೊಂದು ವಾದವನ್ನು ಸಿದ್ಧ ಮಾಡಿಟ್ಟುಕೊಂಡಿದ್ದೇನೆ. ಇನ್ನೂ ಮಂಡಿಸುವ ಸಂದರ್ಭ ಬಂದಿಲ್ಲ.

ಎಲ್ಲ ಜೋಡಿಸಿ ಮುಗಿದ ಮೇಲೆ ಒಂದು ಬೆಳಗ್ಗೆ, ಲಾರಿಗಳು ಏಳುವ ಮುಂಚೆ, ಐದೂವರೆಗೆ ಹೊರಟೆ, ಸಂಡೂರಿನ ಕಡೆ. ಗುಡ್ಡದ ಅಂಚು ಕೆಂಪಾಗುತ್ತಿತ್ತು. ಚೈನಿನದು ಸದ್ದೇ ಇಲ್ಲ. ಫ್ರೀವೀಲಿನ ಟಿಕಟಿಕ ಒಂದೇ. ಹೊಸ ಎರಡು ಹಲ್ಲು ಏರಿನಲ್ಲಿ ತಮ್ಮ ಕೆಲಸ ಮಾಡಿದವು. ಹಳೇ ಶಿಷ್ಯನೊಬ್ಬ ಹಲ್ಲುಜ್ಜುತ್ತ "ಸಾರ್, ಚಾ…" ಎನ್ನುವಷ್ಟರಲ್ಲಿ ನಾನು ಕೈ ಎತ್ತಿ ಐವತ್ತು ಮೀಟರ್ ಮುಂದಿದ್ದೆ. ಬರುವಾಗ ನಮ್ಮ ಓಣಿಯ ತಿರುವಿನಲ್ಲಿ ಮಾಮನ ಎಮ್ಮೆ ಕರು ಅಡ್ಡ ಬಂತು. ಮೂವತ್ತು ವರ್ಷದ ಹಳೇ ಅಭ್ಯಾಸದಂತೆ, ಉಕ್ಕಿನ ರಿಮ್ಮಿಗೆ ಒತ್ತುವಷ್ಟು ಜೋರಾಗಿ ಎರಡೂ ಬ್ರೇಕು ಒತ್ತಿದೆ. ಸೈಕಲ್ಲು ನಿಂತಿತು. ನಾನು ನಿಲ್ಲಲಿಲ್ಲ. ಕರುವಿಗೆ ಏನೂ ಆಗಲಿಲ್ಲ. ನನ್ನ ಎಡಮೊಣಕಾಲಿಗೆ ಆದದ್ದಕ್ಕೆ ಅರಿಶಿನ ಹಚ್ಚಿದ್ದೇವೆ. ಮಾಮ ಓಡಿ ಬಂದು ಮೊದಲು ಕರು ನೋಡಿದರು, ಆಮೇಲೆ ಸೈಕಲ್ ನೋಡಿದರು, ಆಮೇಲೆ ನನ್ನನ್ನು. "ಬ್ರೇಕ್ ಮಾತ್ರ ಭೇಷ್ ಐತ್ರೀ" ಎಂದರು. ಎರಡು ತಿಂಗಳಲ್ಲಿ ಅವರ ಬಾಯಿಂದ ಬಂದ ಮೊದಲ ಒಳ್ಳೆಯ ಮಾತು. ನೆಲದ ಮೇಲೆ ಕೂತೇ ಕೇಳಿಸಿಕೊಂಡೆ.

ಇನ್ನೊಂದು ಮಾತು ಉಳಿದಿದೆ. ಹಿಂದಿನ ಟೈರು ಬಹಳ ದಿನ ಬರುವುದಿಲ್ಲ, ಪಕ್ಕದಲ್ಲಿ ಬಿರುಕು ಬಿಟ್ಟಿದೆ. ಓದುಗರಲ್ಲಿ ಯಾರ ಅಟ್ಟದ ಮೇಲಾದರೂ, ಯಾರ ಮುಚ್ಚಿದ ಸೈಕಲ್ ಅಂಗಡಿಯಲ್ಲಾದರೂ 27 × 1¼ರ ಟೈರು ಇದ್ದರೆ ದಯವಿಟ್ಟು ತೆಗೆದಿಡಿ. ಬೆಲೆ ಕೊಟ್ಟು ಒಯ್ಯುತ್ತೇನೆ. ಬಂಡ್ರಿಗೆ ಬಂದು ಸೈಕಲ್ ಮೇಷ್ಟ್ರ ಮನೆ ಎಲ್ಲಿ ಎಂದು ಯಾರನ್ನು ಕೇಳಿದರೂ ತೋರಿಸುತ್ತಾರೆ. ಆಚೆಮನೆ ಮಾಮನನ್ನು ಕೇಳುವುದಾದರೆ ಮಾತ್ರ ಟ್ರ್ಯಾಕ್ಟರ್ ಮೇಷ್ಟ್ರು ಎಂದು ಕೇಳಿ.